ತಮ್ಮ ಅಪ್‌ಡೇಟ್ ಸೂಚನೆಯಿಂದ ಮುರಿದ ಸಂಬಂಧದ ಕುರಿತು

ಮಾನ್ಯರೇ,

ಕಂಪ್ಯೂಟರ್ ಪರದೆಯ ಮೂಲೆಯಿಂದ ಆಗಾಗ ಇಣುಕಿ ನಮ್ಮ ಯೋಗಕ್ಷೇಮ ವಿಚಾರಿಸುವ ಮಹಾಕಂಪನಿಯ ಮುಖ್ಯಸ್ಥರಾದ ತಮಗೆ, ಯಲಹಂಕದ ಪಕ್ಕ ಅಟ್ಟೂರಿನಲ್ಲಿ ಜಾತಕ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಶಾಂತಲಾ ಮಾಡುವ ನಮಸ್ಕಾರಗಳು. ಸ್ವಂತ ಅಳಿಯನೂ ನನ್ನನ್ನು ಇಷ್ಟು ವಿಚಾರಿಸುವುದಿಲ್ಲ.

ನನ್ನ ಕಂಪ್ಯೂಟರು ಹಳೆಯದು, ನಿಜ. ಅದು ಆನ್ ಆಗುವಷ್ಟರಲ್ಲಿ ನಾನು ಅಂಗಡಿ ಗುಡಿಸಿ, ದೀಪ ಹಚ್ಚಿ, ಕಾಫಿ ಕುಡಿದಾಗಿರುತ್ತದೆ. ಹಳೆಯದನ್ನು ಬಿಡಿ ಎಂಬ ತಮ್ಮ ಮಾತಿಗೆ ಬೆಲೆ ಕೊಟ್ಟು ಒಮ್ಮೆ ಹೊಸದನ್ನೂ ತಂದು ನೋಡಿದೆ. ಅದರಲ್ಲಿ ನನ್ನ ಜಾತಕದ ತಂತ್ರಾಂಶ ಬಾಯೇ ಬಿಡದ ಕಾರಣ, ಹಳೇ ಗಂಡನ ಪಾದವೇ ಗತಿ ಎಂದು ಇದಕ್ಕೇ ಮರಳಿದೆ.

ಮೊನ್ನೆ ಜಕ್ಕೂರಿನ ಸಂಯುಕ್ತಾ ಮತ್ತು ನಮ್ಮೂರಿನ ಸತೀಶ್ ಮದುವೆಗೆಂದು ಜಾತಕ ಕೂಡಿಸಲು ಬಂದಿದ್ದರು. ಒಬ್ಬರನ್ನೊಬ್ಬರು ಆಗಲೇ ಮೆಚ್ಚಿಕೊಂಡವರು. ಜಾತಕ ಏನಿದ್ದರೂ ಜೊತೆಗೆ ಬಂದಿದ್ದ ಸತೀಶನ ಅಜ್ಜಿ ದೊಡ್ಡಮುನಿಯಮ್ಮನವರ ಸಮಾಧಾನಕ್ಕೆ. ಹುಡುಗಿಯ ಕುಂಡಲಿ ಪರದೆಗೆ ಬಂತು, ಗುಣಗಳು ಕೂಡಿದವು, ಅಜ್ಜಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಆ ಶುಭಗಳಿಗೆಯಲ್ಲಿ, ಕುಂಡಲಿಯ ಮೇಲೆಯೇ, ತಮ್ಮ ಸೂಚನೆ ಅಚ್ಚಗನ್ನಡದಲ್ಲಿ ಪ್ರತ್ಯಕ್ಷವಾಯಿತು. ಅಜ್ಜಿ ಓದು ಎಂದದ್ದಕ್ಕೆ ಸತೀಶ್ ಗಟ್ಟಿಯಾಗಿ ಓದಿದ: “ಇದರ ಆಯುಷ್ಯ ಮುಗಿದಿದೆ. ಇನ್ನು ಇದು ಸುರಕ್ಷಿತವಲ್ಲ. ಕೂಡಲೇ ಹೊಸದನ್ನು ಆರಿಸಿಕೊಳ್ಳಿ.”

ಅಜ್ಜಿ ಎದ್ದೇಬಿಟ್ಟರು. “ಜಾತ್ಕದಾಗೇ ಇಂಗ್ ಬಂದೈತೆ, ಇನ್ನೇನ್ ಕೇಳೋದು? ನಡೀಲಾ, ಬ್ಯಾರೆ ಎಣ್ಣು ನೋಡಾನ” ಎಂದರು. ಅದು ಕಂಪ್ಯೂಟರಿಗೆ ಹೇಳಿದ್ದು, ಹುಡುಗಿಗಲ್ಲ ಎಂದು ನಾನು ಎಷ್ಟು ಬಡಿದುಕೊಂಡರೂ, ಗುಣ ಕೂಡಿದೆ ಎಂದದ್ದೂ ಅದೇ ಪರದೆಯಲ್ಲವೇ ಎಂದು ಕೇಳಿ ಮೊಮ್ಮಗನನ್ನು ಎಳೆದುಕೊಂಡು ಹೊರಟರು. ಸಂಯುಕ್ತಾಳಿಂದ ನಾನು ಜಾತಕದ ದುಡ್ಡೂ ತೆಗೆದುಕೊಳ್ಳಲಿಲ್ಲ.

ತಮ್ಮ ಕಾಳಜಿಯನ್ನು ಎಷ್ಟು ಹೊಗಳಿದರೂ ಸಾಲದು. ಆದರೂ ಒಂದು ಬಿನ್ನಹ. ತಮ್ಮ ಸೂಚನೆಯಲ್ಲಿ ‘ಈಗಲೇ’, ‘ಆಮೇಲೆ’ ಎಂಬ ಗುಂಡಿಗಳಷ್ಟೇ ಇವೆ. ‘ಬೇಡ’ ಎಂಬುದನ್ನೂ ದಯಪಾಲಿಸಬೇಕು, ಗಂಡು ನೋಡುವ ಹುಡುಗಿಯರಿಗೂ ಈಗ ಆ ಸೌಕರ್ಯವಿದೆ. ಹಾಗೆಯೇ ತಾವು ಖುದ್ದಾಗಿ, ರಾಹುಕಾಲ ಕಳೆದ ಮೇಲೆ, ಹಣ್ಣು ಹೂವು ಹಿಡಿದು ಅಟ್ಟೂರಿಗೆ ದಯಮಾಡಿಸಿ, ದೊಡ್ಡಮುನಿಯಮ್ಮನವರ ಎದುರು ಚಾಪೆಯ ಮೇಲೆ ಕುಳಿತು, ಹುಡುಗಿಯಲ್ಲಿ ಯಾವ ದೋಷವೂ ಇಲ್ಲ, ಆ ಮಾತು ನನ್ನದು ಎಂದು ಒಪ್ಪಿಕೊಳ್ಳಬೇಕು. ವಿಮಾನ ನಿಲ್ದಾಣದಿಂದ ನಮ್ಮೂರು ಹತ್ತಿರವೇ.

ಇನ್ನೂ ‘ಆಮೇಲೆ’ ಒತ್ತುತ್ತಲೇ ಇರುವ,
ತಮ್ಮ ವಿಶ್ವಾಸಿ,
ಶಾಂತಲಾ

ವಿ.ಸೂ.: ನಿನ್ನೆ ಸಂಯುಕ್ತಾ ಬಂದು, ತಮ್ಮ ಕಂಪನಿ ಹುಟ್ಟಿದ ದಿನ ಹೇಳಿ ಅದರ ಜಾತಕ ಹಾಕಿಸಿದಳು. ಇಬ್ಬರೂ ಕೂತು ನೋಡಿದೆವು. ಜಾತಕದವರಿಗೇ ಅವರ ಆಯುಷ್ಯ ಹೇಳುವುದು ನಮ್ಮ ಕಸುಬಿನಲ್ಲಿ ಮರ್ಯಾದೆಯಲ್ಲ. ಅಜ್ಜಿಯನ್ನು ಮಾತ್ರ ತಡಮಾಡದೆ ಬಂದು ನೋಡಿ.