ಅತ್ತೆಯವರ ಬಲಗಾಲು

ಪಿಯಾನೋ ಮೇಷ್ಟ್ರ ಅತ್ತೆ ಮೊದಲ ಪಾಠಕ್ಕೆ ಬಂದಾಗ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು, ತೋಳಿನ ಬಟ್ಟೆಯಲ್ಲಿ ಗುಂಡುಸೂಜಿಗಳು ಚುಚ್ಚಿಕೊಂಡಿದ್ದವು. ಜೀವಮಾನವೆಲ್ಲ ಬಟ್ಟೆ ಹೊಲಿದವರು. ಪಿಯಾನೋ ಕಂಡವರೇ ಅದರ ಉದ್ದಗಲ ಅಳೆದು, “ಅಳಿಯಂದ್ರೇ, ಪಾಪ, ಬರಿಮೈಲಿದೆ. ಒಂದು ಗವಸು ಹೊಲ್ಕೊಡ್ತೀನಿ,” ಎಂದರು. ಆಮೇಲೆ ಸ್ಟೂಲಿನ ಮೇಲೆ ಕೂತರು. ಕೆಳಗೆ ಪೆಡಲು ಕಂಡಿತು. ಅಷ್ಟೇ! ಬಲಗಾಲು ಹೊಲಿಗೆ ಯಂತ್ರ ತುಳಿಯುವ ವೇಗದಲ್ಲಿ ಹೊರಟೇಬಿಟ್ಟಿತು. ಪೆಡಲು ಒತ್ತಿದಾಗಲೆಲ್ಲ ಸ್ವರಗಳು ನಿಲ್ಲದೆ ಮೊಳಗಿ, ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ!

“ಮುಂದಿನ ತಿಂಗಳ ಕಾರ್ಯಕ್ರಮದ ಹೊತ್ತಿಗೆ ಈ ಕಾಲನ್ನ ಸುಮ್ಮನಿರಿಸದಿದ್ರೆ ನಾನು ಮೇಷ್ಟ್ರೇ ಅಲ್ಲ!” ಎಂದು ಮೇಷ್ಟ್ರು ಹೆಂಡತಿಯ ಮುಂದೆ ಗುಡುಗಿದರು.

“ಊಟಕ್ಕೆ ಕೂತ್ರೂ ಅಮ್ಮನ ಕಾಲು ಮೇಜಿನ ಕೆಳಗೆ ಹೊಲೀತಾ ಇರುತ್ತೆ ಕಣ್ರೀ. ಅಪ್ಪ ಹೇಳಿ ಹೇಳಿ ಸೋತ್ರು.”

“ನಿಮ್ಮಪ್ಪ ಸಂಗೀತದಲ್ಲಿ ಪದವಿ ಪಡೆದಿದ್ರಾ?”

ಮೇಷ್ಟ್ರ ಪಿಯಾನೋ ಶಾಲೆ ಹೊಸದು, ವಿದ್ಯಾರ್ಥಿ ಅಂತ ಇದ್ದವರು ಅತ್ತೆಯೊಬ್ಬರೇ. ಕಾರ್ಯಕ್ರಮದಲ್ಲಿ ಅವರು ನುಡಿಸುವುದನ್ನು ನೋಡಿ ನಾಲ್ಕು ಜನ ಸೇರಬೇಕು, ಇಲ್ಲವಾದರೆ ಬಾಗಿಲಿಗೆ ಬೀಗ. ಮೇಷ್ಟ್ರು ಬೇಡಿದರು, ಗದರಿದರು, ಅತ್ತೆಯ ಪಾದದ ಮೇಲೆ ದಪ್ಪ ನಿಘಂಟು ಇಟ್ಟರು. ನಿಘಂಟೂ ಕುಣಿಯಿತು! ಕೊನೆಯ ಅಸ್ತ್ರವಾಗಿ, ಕಾರ್ಯಕ್ರಮದ ದಿನ ಆ ಕಾಲನ್ನು ಅತ್ತೆಯದೇ ಟೇಪಿನಿಂದ ಸ್ಟೂಲಿಗೆ ಕಟ್ಟಿಹಾಕಿದರು.

“ಇದೂ ಒಂದು ಗಂಟಾ?” ಎಂದು ಅತ್ತೆ ತಾವೇ ಬಗ್ಗಿ ಬಿಗಿಮಾಡಿಕೊಂಡರು.

ಪರದೆ ಎದ್ದಿತು. ಕಾಲು ಕಲ್ಲಿನಂತೆ ನಿಂತಿತು. ಮೇಷ್ಟ್ರ ಎದೆ ಉಬ್ಬಿತು. ಆದರೆ ಕಾಲಿನ ಜೊತೆ ಕೈಯೂ ನಿಂತಿತ್ತು!

“ನುಡಿಸಿ ಅತ್ತೇ!” ಮೇಷ್ಟ್ರು ಮರೆಯಿಂದ ಪಿಸುಗುಟ್ಟಿದರು.

“ಕಾಲು ಓಡದೆ ಕೈ ಹೇಗೆ ಓಡುತ್ತೆ ಅಳಿಯಂದ್ರೇ?” ಉತ್ತರ ಕೊನೆಯ ಸಾಲಿಗೂ ಕೇಳಿಸಿತು.

ಮೇಷ್ಟ್ರು ಅಂಬೆಗಾಲಿಡುತ್ತಾ ವೇದಿಕೆಗೆ ಬಂದರು. ಕಸುಬುದಾರರ ಗಂಟು, ಬಿಚ್ಚಲಿಲ್ಲ. ಹಲ್ಲಿನಿಂದ ಎಳೆದರು, ಹಲ್ಲು ಅಲುಗಾಡಿತೇ ಹೊರತು ಗಂಟಲ್ಲ. ಅತ್ತೆ ಜೇಬಿನಿಂದ ಕತ್ತರಿ ತೆಗೆದುಕೊಟ್ಟರು. ಕಚಕ್! ಬಿಡುಗಡೆಯಾದ ಕಾಲು ಪೆಡಲಿನತ್ತ ನೆಗೆಯಿತು. ಮೇಷ್ಟ್ರು ಗಬಕ್ಕನೆ ಪಾದವನ್ನು ಪಕ್ಕಕ್ಕೆಳೆದು ತಮ್ಮ ಅಂಗೈ ಮೇಲೆ ಇಟ್ಟುಕೊಂಡರು. ಶುರುವಾಯಿತು ನೋಡಿ ತುಳಿತ!

ಆಹಾ! ಸ್ವರಗಳು ಒಳ್ಳೆಯ ಹೊಲಿಗೆಯ ಹಾಗೆ ಒಂದರ ಪಕ್ಕ ಒಂದು, ಎಲ್ಲೂ ತಪ್ಪದೆ ಬಂದವು. ಅಂಥ ತಾಳ ಪದವೀಧರ ಮೇಷ್ಟ್ರಿಗೇ ಎಂದೂ ಕೂಡಿಬಂದಿರಲಿಲ್ಲ. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೇಷ್ಟ್ರೂ ತಟ್ಟಹೋದರು, ಅಂಗೈ ಬಾತುಕೊಂಡಿತ್ತು.

ಮರುದಿನ ಶಾಲೆಯ ಬಾಗಿಲಲ್ಲಿ ಜನವೋ ಜನ!

“ಬನ್ನಿ, ಬನ್ನಿ! ನಾನೇ ಮೇಷ್ಟ್ರು!”

“ಗೊತ್ತು ಬಿಡಿ, ಪಿಯಾನೋ ಕೆಳಗಿದ್ರಲ್ಲ! ಮೇಲೆ ಕೂತಿದ್ದ ಅಮ್ಮ ಎಲ್ಲಿ?”

ಈಗ ಪಿಯಾನೋ ಪಕ್ಕದಲ್ಲಿ ಅತ್ತೆಯ ಹಳೆಯ ಹೊಲಿಗೆ ಯಂತ್ರವಿದೆ. ಹೊಸಬರೆಲ್ಲ ಮೊದಲು ಅದನ್ನು ತುಳಿದು ತಾಳ ಕಲಿಯಬೇಕು. ಆ ಪಾಠ ಅತ್ತೆಯವರದು. ಅವರು “ಸಾಕು” ಎಂದವರಿಗೆ ಮಾತ್ರ ಮೇಷ್ಟ್ರು ಪಿಯಾನೋ ಕಲಿಸುತ್ತಾರೆ.