ಮೇಜಿನ ಕಾಲಡಿಯ ಕಡತ

ವಿಮಾನ ಹಾರಿಸುವವರ ಮನಸ್ಸು ಸದಾ ಸಮತಟ್ಟಾಗಿರತಕ್ಕದ್ದು ಎಂಬುದು ನಮ್ಮ ವೈದ್ಯಕೀಯ ಅರ್ಹತಾ ಕಚೇರಿಯ ಮೊದಲನೇ ನಿಯಮ. ಪರೀಕ್ಷೆ ಬರೆಯುವ ಮೇಜಿಗೆ ಅಂಥ ನಿಯಮವಿಲ್ಲ. ಅದರ ಒಂದು ಕಾಲು ಎರಡು ಬೆರಳು ಗಿಡ್ಡ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಗುಮಾಸ್ತನಾಗಿರುವ ನಾನು ಅದರಡಿಗೆ ಯಾವುದಾದರೂ ದಪ್ಪನೆಯ ಕಡತ ಕೊಟ್ಟು ಸರಿತೂಗಿಸಿಕೊಂಡು ಬಂದಿದ್ದೇನೆ.

ಒಮ್ಮೆ ಒಬ್ಬ ಪೈಲಟ್ ಅರ್ಹತಾಪತ್ರದ ನವೀಕರಣಕ್ಕೆ ಅರ್ಜಿ ಹಿಡಿದು ತಾನಾಗಿಯೇ ಬಂದ. ನಾಲ್ಕು ವರ್ಷದ ಹಿಂದೆ ತಂಗಿ ತೀರಿಕೊಂಡಾಗ ಖಿನ್ನತೆಯಾಗಿತ್ತಂತೆ, ಎಂಟು ತಿಂಗಳು ಮಾತ್ರೆ ನುಂಗಿದನಂತೆ, ವಾಸಿಯಾಯಿತಂತೆ. ಅರ್ಜಿಯಲ್ಲಿ ಜಾಗವಿತ್ತು ಅಂತ ಅಷ್ಟನ್ನೂ ಬರೆದುಬಿಟ್ಟ. ಅಯ್ಯೋ ಪುಣ್ಯಾತ್ಮ, ಜಾಗ ಇದೆ ಅಂತ ಎಲ್ಲಾ ತುಂಬೋದಾ? ಇಲ್ಲದ ಇರುವೆ ಮೈಮೇಲೆ ಬಿಟ್ಟುಕೊಂಡ. ಅಂದೇ ಹಾರಾಟ ನಿಂತಿತು. ಮೂವರು ಮನೋವೈದ್ಯರು ಈತ ಗುಂಡುಕಲ್ಲಿನ ಹಾಗಿದ್ದಾನೆ ಎಂದು ಬರೆದುಕೊಟ್ಟರು. ಆ ವರದಿಗಳು ಸೇರಿ ಕಡತ ಸರಿಯಾಗಿ ಎರಡು ಬೆರಳು ದಪ್ಪವಾಯಿತು. ನಾನು ಅದನ್ನು ಮೇಜಿನ ಕಾಲಡಿಗೆ ಕೊಟ್ಟೆ.

ಹದಿನಾಲ್ಕು ತಿಂಗಳ ಮೇಲೆ ಮನಸ್ಸಿನ ಪರೀಕ್ಷೆಗೆ ಕರೆ ಹೋಯಿತು. ಐನೂರು ಪ್ರಶ್ನೆ, ಹೌದು ಅಥವಾ ಇಲ್ಲ. ನೂರಾ ಹನ್ನೆರಡನೆಯದು: ‘ನನ್ನ ಏಳಿಗೆಯನ್ನು ಯಾರೋ ತಡೆಹಿಡಿದಿದ್ದಾರೆ ಎಂದು ನನಗೆ ಅನಿಸುತ್ತದೆ.’ ಅಷ್ಟರಲ್ಲಿ ಅವನ ಪೆನ್ಸಿಲ್ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನಿಗೆ ತನ್ನ ಹೆಸರಿನ ಕಡತ ಕಂಡಿತು. ಹೆಸರಿನ ಮೇಲೆ ಬೆರಳಿಟ್ಟು ಓದಿದ. ನಾನು ಕಿಟಕಿ ಕಡೆ ನೋಡಿದೆ. ಎದ್ದು ಕೂತು ‘ಹೌದು’ ಎಂದು ಬರೆದ.

ಫಲಿತಾಂಶ: ಸಂಶಯ ಪ್ರವೃತ್ತಿ. ಆರು ತಿಂಗಳು ಬಿಟ್ಟು ಬರತಕ್ಕದ್ದು. ಇನ್ನೊಮ್ಮೆ ಫೇಲಾದರೆ ಜನ್ಮದಲ್ಲಿ ಹಾರತಕ್ಕದ್ದಲ್ಲ.

ಅವನು ಮುಖ್ಯ ವೈದ್ಯಾಧಿಕಾರಿಗಳ ಹತ್ತಿರ ಹೋಗಿ ಕಡತ ಮೇಜಿನಡಿ ಇದೆ ಎಂದ. ಸಾಹೇಬರು ಶಾಂತವಾಗಿ ಕೇಳಿಸಿಕೊಂಡು, ಅನುಮಾನಕ್ಕೆ ಮದ್ದಿಲ್ಲ ಅಂದು, ‘ಬಲಿಯುತ್ತಿದೆ’ ಎಂದು ಷರಾ ಬರೆದರು. ಆ ಷರಾವನ್ನು ನಾನೇ ಬಗ್ಗಿ ಕಡತಕ್ಕೆ ಸೇರಿಸಿದೆ. ನಿಜ ಹೇಳಬಹುದಿತ್ತು. ಆದರೆ ಕಡತ ಎಳೆದರೆ ಮೇಜು ಅಲುಗಾಡುತ್ತದೆ, ಬರೆಯುವವರ ಅಕ್ಷರ ಸೊಟ್ಟಗಾಗುತ್ತದೆ, ಕೈನಡುಕವೆಂದು ಅವರೂ ಫೇಲಾಗುತ್ತಾರೆ. ಒಬ್ಬನಿಗಾಗಿ ಹತ್ತು ಜನಕ್ಕೆ ತೊಂದರೆ ಕೊಡುವುದು ನನ್ನ ಜಾಯಮಾನವಲ್ಲ.

ಮಧ್ಯೆ ಅವನ ಹೆಂಡತಿ ಒಮ್ಮೆ ಬಂದಿದ್ದರು. ಮೇಲೆ ವಿಮಾನದ ಸದ್ದಾದರೆ ಮಗಳು ಅಪ್ಪನ ಮುಖ ನೋಡುತ್ತಾಳಂತೆ, ಇವನು ಪೇಪರ್ ಅಡ್ಡ ಹಿಡಿಯುತ್ತಾನಂತೆ. ಇದಕ್ಕೆ ನಮ್ಮಲ್ಲಿ ನಮೂನೆ ಇಲ್ಲವೆಂದು ತಿಳಿಸಲಾಯಿತು.

ಎರಡನೇ ಸಲ ಅವನು ಪೆನ್ಸಿಲ್ ಬೀಳಿಸಲಿಲ್ಲ. ಸ್ವಂತದವರು ತೀರಿಕೊಂಡಾಗ ಅತ್ತಿದ್ದುಂಟೇ? ಇಲ್ಲ. ಯಾರಾದರೂ ತಡೆಹಿಡಿದಿದ್ದಾರೆಯೇ? ಇಲ್ಲ. ಎಂದಾದರೂ ಸುಳ್ಳು ಹೇಳಿದ್ದುಂಟೇ? ಇಲ್ಲ. ಸಾಹೇಬರು ಸಂತೋಷದಿಂದ ಮುದ್ರೆ ಒತ್ತಿದರು.

ಬಾಗಿಲ ಹತ್ತಿರ ನಿಂತು ಅವನು ಕೇಳಿದ: “ಸಾರ್, ಮುಂದೆ ಯಾವಾಗ್ಲಾದ್ರೂ ಮನಸ್ಸು ಕೆಟ್ರೆ ಯಾರಿಗೆ ಹೇಳ್ಬೇಕು?”

“ಯಾರಿಗೂ ಹೇಳ್ಬೇಡಿ,” ಅಂದರು ಸಾಹೇಬರು. “ಇಷ್ಟು ದಿನ ನಾವು ಪರೀಕ್ಷೆ ಮಾಡಿದ್ದೇ ಅದನ್ನ.”

ಸುದ್ದಿ ಪೈಲಟ್‌ಗಳಲ್ಲೆಲ್ಲ ಹಬ್ಬಿತು. ಅಂದಿನಿಂದ ನಮ್ಮ ವ್ಯಾಪ್ತಿಯಲ್ಲಿ ಒಬ್ಬ ಪೈಲಟ್‌ಗೂ ದುಃಖವಾಗಿಲ್ಲ, ಸಾಹೇಬರಿಗೆ ಬಡ್ತಿಯಾಗಿದೆ. ತೊಂದರೆ ಒಂದೇ. ಪಾಸಾದವನ ಕಡತ ಮೇಲಿನ ಕಚೇರಿಗೆ ಹೋಯಿತು, ನಿಜ ಹೇಳುವವರಿಲ್ಲದೆ ಬೇರೆ ಯಾವ ಕಡತವೂ ಮೇಜಿನ ಕಾಲಡಿಗೆ ಕೊಡುವಷ್ಟು ದಪ್ಪವಾಗುತ್ತಿಲ್ಲ. ಆದ್ದರಿಂದ ಗೋಡೆಗೆ ಪ್ರಕಟಣೆ ಅಂಟಿಸಿದ್ದೇವೆ: ‘ಮೇಜು ಅಲುಗಾಡುತ್ತಿಲ್ಲವೆಂದು ಪರೀಕ್ಷಾರ್ಥಿಗಳು ಮೊದಲೇ ಸಹಿ ಮಾಡಿಕೊಡತಕ್ಕದ್ದು.’

ಎಲ್ಲರೂ ಮಾಡಿಕೊಟ್ಟಿದ್ದಾರೆ. ಸಹಿಗಳು ಮಾತ್ರ ಸ್ವಲ್ಪ ಸೊಟ್ಟಗಿವೆ.