ಚಪ್ಪಲಿ ಕಳಚದೆ ಮಾಡಿದ ಉಪಚಾರ

ವಿನೋದ: ಹೋಗಬ್ಯಾಡ ಅಂತ ನಾ ಎಲ್ಲಿ ಅಂದೇನಿ? ರಕ್ತ ಬರಾಕತ್ತೈತಿ ಅಂದೆ, ಅಷ್ಟ.

ಸುಕನ್ಯಾ: ನಾ ಎಲ್ಲಿ ಹೋದೆ? ಇಲ್ಲೇ ನಿಂತೇನಿ. ಹೇಳ್ತೇನಿ, ಮಾಡ್ರಿ.

ಸುಕನ್ಯಾ ನಿಂತಿದ್ದು ಹೊಸ್ತಿಲಿನ ಆಚೆ, ಚಪ್ಪಲಿ ಮೆಟ್ಟಿಕೊಂಡು, ಹೆಗಲಿಗೆ ಬುತ್ತಿಯ ಚೀಲ ಹಾಕಿಕೊಂಡು. ಗೆಳತಿಯರೆಲ್ಲ ಸೇರಿ ಮುಗದದ ಕೆರೆಗೆ ಹೊರಟಿದ್ದರು. ಓಣಿಯ ತುದಿಯಲ್ಲಿ ಜಯಮಾಲಾಳ ಗಾಡಿ ಕಾಯುತ್ತಿತ್ತು. ಇವತ್ತಿನ ಅಡಿಗೆ ನನ್ನದು ಎಂದು ತಾನಾಗಿಯೇ ಒಪ್ಪಿಕೊಂಡಿದ್ದ ಗಂಡ ಮೊದಲ ಉಳ್ಳಾಗಡ್ಡಿಗೇ ಎಡಗೈ ಬೆರಳು ಕೊಯ್ದುಕೊಂಡಿದ್ದ. ಒಮ್ಮೆ ಚಪ್ಪಲಿ ಕಳಚಿದರೆ ಒಲೆ, ಒಲೆಯ ಬೆನ್ನಿಗೆ ತಿಕ್ಕುವ ಭಾಂಡೆ, ಭಾಂಡೆ ಮುಗಿಯುವಷ್ಟರಲ್ಲಿ ಸಂಜೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸುಕನ್ಯಾ: ನಳದ ಕೆಳಗ ಬೆರಳ ಹಿಡದು ತೊಳೀರಿ. ಏನೂ ಹಚ್ಚಬ್ಯಾಡ್ರಿ.

ವಿನೋದ: (ಒಳಗಿನಿಂದ) ಆರಿಸಿದೆ.

ಸುಕನ್ಯಾ: ಏನ ಆರಿಸಿದ್ರಿ?

ವಿನೋದ: ಗ್ಯಾಸ. ಹಚ್ಚಬ್ಯಾಡ ಅಂದಿಯಲ್ಲ.

ಸುಕನ್ಯಾ: ಬೆರಳಿಗೆ ಹಚ್ಚಬ್ಯಾಡ್ರಿ ಅಂದೆ. ಸ್ವಚ್ಛ ಅರಿವಿ ತಗೊಂಡು ಒತ್ತಿ ಹಿಡೀರಿ.

ವಿನೋದ: ಸ್ವಚ್ಛ ಅರಿವಿ ಎಲ್ಲಿರತೈತಿ?

ಸುಕನ್ಯಾ: ನಿಮ್ಮ ಕರವಸ್ತ್ರ ಇರೋ ಜಾಗಾದಾಗ.

ವಿನೋದ: ಅದೆಲ್ಲಿರತೈತಿ? ದಿನಾ ತಾನ ನನ್ನ ಕಿಸೇದಾಗ ಬಂದಿರತೈತಿ.

ಪಡಸಾಲೆಯ ಮಂಚದ ಮೇಲೆ ಕೂತಿದ್ದ ಅತ್ತೆ ರುಕ್ಮವ್ವ ಬಾಯಿ ಹಾಕಿದಳು.

ರುಕ್ಮವ್ವ: ನಮ್ಮ ಕಾಲದಾಗ ಕಾಫಿಪುಡಿ ಒತ್ತತಿದ್ವಿ. ರಕ್ತ ಗಪ್ಪನ ನಿಲ್ತಿತ್ತು.

ಸುಕನ್ಯಾ: ಬ್ಯಾಡ್ರಿ ಅತ್ತಿ, ಗಾಯದಾಗ ಹೊಲಸ ಸೇರತೈತಿ.

ವಿನೋದ: ಕಾಫಿ ಡಬ್ಬಿ ಸಿಕ್ತು.

ಸುಕನ್ಯಾಳ ಒಂದು ಪಾದ ಚಪ್ಪಲಿಯಿಂದ ಹೊರಗೆ ಬಂತು.

ಸುಕನ್ಯಾ: ಅದನ್ನ ತೆಗೀಬ್ಯಾಡ್ರಿ, ಅದರಾಗ...

ಒಳಗೆ ಡಬ್ಬಿಯ ಮುಚ್ಚಳ ತೆಗೆದ ಸದ್ದು. ಆಮೇಲೆ ಯಾರೋ ಒಂಟಿ ಕಾಲಲ್ಲಿ ಕುಣಿದ ಸದ್ದು.

ಸುಕನ್ಯಾ: ...ಮಸಾಲಿ ಖಾರ ಇರತೈತಿ.

ವಿನೋದ: ಡಬ್ಬಿ ಮ್ಯಾಲೆ ಕಾಫಿ ಅಂತ ಬರದೈತಲ್ಲ.

ಸುಕನ್ಯಾ: ಲಗ್ನ ಆದಾಗಿಂದ ಬರದೈತಿ. ಒಂದ ದಿನಾನೂ ಅದರಾಗ ಕಾಫಿ ಇದ್ದಿಲ್ಲ. ಮತ್ತ ನಳದ ಕೆಳಗ ಹಿಡೀರಿ, ಉರಿ ಹೋಗೋತನಕ.

ಬಹಳ ಹೊತ್ತು ನೀರು ಹರಿಯಿತು. ಕೊನೆಗೆ ವಿನೋದ ಕಣ್ಣು ಒದ್ದೆ ಮಾಡಿಕೊಂಡು, ಬೆರಳು ಎತ್ತಿ ಹಿಡಿದು ಬಾಗಿಲಿಗೆ ಬಂದ. ಸುಕನ್ಯಾ ಹೊಸ್ತಿಲ ಆಚೆಯಿಂದಲೇ ಬಗ್ಗಿ ನೋಡಿದಳು. ಜೀರಿಗೆಯಷ್ಟು ಗಾಯ. ತನ್ನ ಪರ್ಸಿನಿಂದ ಪಟ್ಟಿ ತೆಗೆದು ಸುತ್ತಿದಳು.

ವಿನೋದ: ನಿನಗ ಇಷ್ಟೆಲ್ಲಾ ಹೆಂಗ ಗೊತ್ತು?

ಸುಕನ್ಯಾ ಬಳೆಗಳನ್ನು ಮೇಲೆ ಸರಿಸಿ ಕೈಯ ಕಲೆಗಳನ್ನು ತೋರಿಸಿದಳು.

ಸುಕನ್ಯಾ: ಇದು ಈಳಿಗಿ. ಇದು ಹಂಚು. ಇದು ಹೋದ ವಾರದ ಒಗ್ಗರಣಿ.

ವಿನೋದ: ನನಗ ಹೇಳಬಾರದೇನು?

ಸುಕನ್ಯಾ: ಹೇಳಿದ್ನಿ. ಕೈ ಸುಟ್ಟೈತಿ ಅಂದೆ. ನೀವು, ರೊಟ್ಟಿ ಸುಟ್ಟಿಲ್ಲಲ್ಲ ಅಂದ್ರಿ.

ಓಣಿಯ ತುದಿಯಿಂದ ಹಾರ್ನ್ ಕೇಳಿಸಿತು. ವಿನೋದ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

ವಿನೋದ: ಇದಕ್ಕ ನೀರ ಹತ್ತಬಾರದಲ್ಲ. ಹಂಗಾದ್ರ ಭಾಂಡೆ ತಿಕ್ಕೋದು ಹೆಂಗ? ನೀ ಮುಂದಿನ ಐತವಾರ ಹೋದ್ರ...

ಸುಕನ್ಯಾಳ ಪಾದ ಮತ್ತೆ ಚಪ್ಪಲಿಯಿಂದ ಹೊರಗೆ ಬಂತು. ರುಕ್ಮವ್ವ ಅದನ್ನು ನೋಡಿದಳು.

ರುಕ್ಮವ್ವ: ವಿನ್ಯಾ, ಕೂದಲಕ್ಕ ಕಪ್ಪ ಹಚ್ಚೋಮುಂದ ಕೈಗೆ ಪ್ಲಾಸ್ಟಿಕ್ ಗ್ಲೌಸ್ ಹಾಕ್ಕೋತೀಯಲ್ಲ, ಎಲ್ಲಿಟ್ಟೀ?

ವಿನೋದ: ಕಪಾಟಿನ ಮ್ಯಾಲಿನ ಖಾನೆದಾಗ, ಎಡಕ್ಕ, ಸಣ್ಣ ಕನ್ನಡಿ ಹಿಂದ.

ಆ ಮನೆಯಲ್ಲಿ ಅವನಿಗೆ ಜಾಗ ಗೊತ್ತಿದ್ದ ಒಂದೇ ವಸ್ತು ಅದು. ಹೇಳಿ ಮುಗಿದ ಮೇಲೆ ಅವನಿಗೆ ಅರ್ಥವಾಯಿತು.

ರುಕ್ಮವ್ವ: ಹಾಂ, ಹಾಕ್ಕೊ. ಸುಕನ್ಯಾ, ನೀ ಚಪ್ಪಲಿ ಮೆಟ್ಟವಾ, ಲಗೂ ಹೋಗು.

ಸುಕನ್ಯಾ ಆಗಲೇ ಮೆಟ್ಟಿಲು ಇಳಿದಾಗಿತ್ತು. ಹಿಂದಿನಿಂದ ದನಿ ಬಂತು.

ವಿನೋದ: ಪಲ್ಯಾಕ್ಕ ಹಾಕಾಕ ಖಾರ ಎಲ್ಲೈತಿ?

ಸುಕನ್ಯಾ: (ತಿರುಗಿ ನೋಡದೆ) ನಿಮ್ಮ ಬೆರಳಿಗೆ ಕೇಳ್ರಿ.